ಚೆಕ್ ಎಂಜಿನ್ ದೀಪ ಹತ್ತಿದಾಗ: ಡಾಂಗಲ್, ಕೈ ಸ್ಕ್ಯಾನರ್, ಗ್ಯಾರೇಜು, ಷೋರೂಮು

ಸೆಕೆಂಡ್ ಹ್ಯಾಂಡ್ ಕಾರಿನ ಮೀಟರಿನಲ್ಲಿ ಹಳದಿ ಎಂಜಿನ್ ಚಿತ್ರ ಹತ್ತಿಕೊಂಡರೆ ಮೈಸೂರಿನಲ್ಲಿ ನಾಲ್ಕು ದಾರಿ ಇವೆ. ಸಾವಿರ ರೂಪಾಯಿಯೊಳಗೆ ಸಿಗುವ ಬ್ಲೂಟೂತ್ ಡಾಂಗಲ್ ತಂದು ಕಾರಿನ ಪೋರ್ಟಿಗೆ ಚುಚ್ಚಿ ಫೋನಿಗೆ ಜೋಡಿಸಬಹುದು. ಪುಟ್ಟ ಪರದೆಯ ಕೈ ಸ್ಕ್ಯಾನರ್ ಕೊಳ್ಳಬಹುದು. ಬನ್ನಿಮಂಟಪವೋ ಹೆಬ್ಬಾಳವೋ, ಹತ್ತಿರದ ಮಲ್ಟಿಬ್ರ್ಯಾಂಡ್ ಗ್ಯಾರೇಜಿಗೆ ಒಯ್ಯಬಹುದು. ಕಂಪನಿ ಸರ್ವೀಸ್ ಸೆಂಟರಿನಲ್ಲಿ ಬಿಟ್ಟು ಬರಬಹುದು. ಬ್ಯಾಟರಿ ವಯರ್ ಕಳಚಿ ಮತ್ತೆ ಹಾಕುವ ಐದನೆಯ ದಾರಿಯೂ ಬಳಕೆಯಲ್ಲಿದೆ, ಆದರೆ ಅದನ್ನು ಪರೀಕ್ಷೆ ಅನ್ನಲಾಗದು.

ನಾಲ್ಕನ್ನೂ ಬಳಸಿ ನೋಡಿದ ಮೇಲೆ ನಮ್ಮ ತೀರ್ಪು ಇದು: 2013ರ ನಂತರದ, ಬಿಎಸ್4 ಅಥವಾ ಆಮೇಲಿನ (ಬಿಎಸ್ ಎಂದರೆ ಭಾರತ್ ಸ್ಟೇಜ್, ಹೊಗೆ ನಿಯಮದ ಹಂತ) ಪೆಟ್ರೋಲ್ ಕಾರಾದರೆ ಮೊದಲು ಡಾಂಗಲ್. ಅಗ್ಗ ಅನ್ನುವುದಕ್ಕಿಂತ, ಎಂಜಿನ್ ಓಡುತ್ತಿರುವಾಗಿನ ಅಂಕಿಗಳನ್ನು ಓಡಿಸುತ್ತಲೇ ದಾಖಲಿಸಿಕೊಡುತ್ತದೆ ಅನ್ನುವುದು ಮುಖ್ಯ. ಡೀಸೆಲ್ ಆದರೆ, ಅಥವಾ ಜೊತೆಗೆ ಎಬಿಎಸ್, ಏರ್‌ಬ್ಯಾಗ್ ದೀಪವೂ ಹತ್ತಿದ್ದರೆ, ಡಾಂಗಲ್‌ಗೆ ದುಡ್ಡು ಹಾಕದೆ ನೇರ ಗ್ಯಾರೇಜಿಗೆ ಹೋಗಿ.

ಯಾವ ದಾರಿ ಹಿಡಿಯುವ ಮುಂಚೆಯೂ ದೀಪವನ್ನೇ ಸರಿಯಾಗಿ ನೋಡಬೇಕು. ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದು ಗಾಡಿ ಮಾಮೂಲಿನಂತೆ ಓಡುತ್ತಿದ್ದರೆ ನಿಧಾನಕ್ಕೆ ನೋಡಬಹುದು. ಅದೇ ದೀಪ ಮಿನುಗುತ್ತಿದ್ದರೆ ಎಂಜಿನ್ ಮಿಸ್ಸಿಂಗ್ ಆಗುತ್ತಿದೆ ಎಂದರ್ಥ. ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತದೆ, ಕನ್ವರ್ಟರ್ ಕರಗುತ್ತದೆ. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಒಂದರಲ್ಲಿ ಮುಗಿಯಬೇಕಾದ ಖರ್ಚು ಹತ್ತಾರು ಸಾವಿರಕ್ಕೆ ಏರುವುದು ಹೀಗೆ. ಕೆಂಪು ಆಯಿಲ್ ದೀಪ, ಕೆಂಪು ಟೆಂಪರೇಚರ್ ದೀಪದ ಮಾತೇ ಬೇರೆ. ಅವು ಹತ್ತಿದರೆ ಸ್ಕ್ಯಾನರ್ ಹುಡುಕದೆ ಎಂಜಿನ್ ಆಫ್ ಮಾಡಿ.

ಪೋರ್ಟ್ ಇದ್ದ ಮಾತ್ರಕ್ಕೆ ಸಾಲದು

ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಪೋರ್ಟ್ (ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಕಿಂಡಿ) ಇದೆ ಎಂದು ಡಾಂಗಲ್ ಕೊಂಡು ಮೋಸಹೋಗುವವರು ಬಹಳ. ಬಿಎಸ್4 ನಿಯಮ 2010ರ ಏಪ್ರಿಲ್‌ನಲ್ಲಿ ಮೊದಲು ಬಂದದ್ದು ಆಯ್ದ ನಗರಗಳಿಗೆ. ಬೆಂಗಳೂರು ಆ ಪಟ್ಟಿಯಲ್ಲಿತ್ತು, ಮೈಸೂರು ಇರಲಿಲ್ಲ. ಹಾಗಾಗಿ ಒಂದೇ ವರ್ಷದ ಒಂದೇ ಮಾಡೆಲ್ ಆದರೂ ಕೆಎ 01 ಗಾಡಿ ಬಿಎಸ್4, ಕೆಎ 09 ಅಥವಾ ಕೆಎ 11 ಗಾಡಿ ಬಿಎಸ್3 ಇರಬಹುದು. ಬಿಎಸ್3 ಗಾಡಿಗಳಲ್ಲಿ ಪೋರ್ಟ್ ಆಕಾರ ಅದೇ ಇದ್ದರೂ ಒಳಗಿನ ಭಾಷೆ ಕಂಪನಿಯದೇ. ಅಲ್ಲಿ ಸಾಮಾನ್ಯ ಡಾಂಗಲ್ಲೂ ಅಗ್ಗದ ಕೈ ಸ್ಕ್ಯಾನರೂ ‘ಕನೆಕ್ಟ್ ಆಗಲಿಲ್ಲ’ ಎಂದು ಕೈಚೆಲ್ಲುತ್ತವೆ. 2013ರ ಏಪ್ರಿಲ್‌ನಿಂದ ಒಬಿಡಿ-2 ಕಡ್ಡಾಯವಾದ ಮೇಲಿನ ಬಿಎಸ್4 ಗಾಡಿಗಳಲ್ಲಿ ಈ ತಲೆನೋವು ಕಡಿಮೆ.

ಡಾಂಗಲ್‌ಗಳಲ್ಲೂ ಜಾತಿ ಇದೆ. ಈಎಲ್‌ಎಂ327 ಹೆಸರಿನಲ್ಲಿ ಬರುವ ಅಗ್ಗದವು ಹೆಚ್ಚುಕಡಿಮೆ ಎಲ್ಲವೂ ನಕಲು. ಅವುಗಳಲ್ಲಿ ‘2.1’ ಎಂದು ಬರೆದದ್ದು ‘1.5’ಕ್ಕಿಂತ ಹೊಸದು, ಉತ್ತಮ ಅನಿಸುತ್ತದೆ, ಆಗುವುದು ತಿರುಗಾಮುರುಗ. ಎಷ್ಟೋ 2.1 ನಕಲುಗಳು ಹಳೆಯ ಕೆ-ಲೈನ್ ಪ್ರೋಟೋಕಾಲ್ (ಕಾರಿನ ಕಂಪ್ಯೂಟರ್ ಮಾತಾಡುವ ಒಂದು ಭಾಷೆ) ಅನ್ನೇ ಓದುವುದಿಲ್ಲ, ಆರಂಭದ ಬಿಎಸ್4 ಕಾರುಗಳಲ್ಲಿ ಬೇಕಾಗುವುದು ಅದೇ. ಆಂಡ್ರಾಯ್ಡ್ ಫೋನಿಗೆ ಮಾಮೂಲಿ ಬ್ಲೂಟೂತ್ ಸಾಕು, ಜೋಡಿಸುವಾಗ ಪಿನ್ 1234 ಅಥವಾ 0000. ಐಫೋನ್ ಇದ್ದರೆ ಬ್ಲೂಟೂತ್ ಲೋ ಎನರ್ಜಿ ಅಥವಾ ವೈಫೈ ಇರುವುದನ್ನೇ ಕೇಳಿ ಕೊಳ್ಳಿ. ಆ್ಯಪ್‌ಗಳಲ್ಲಿ ಕಾರ್ ಸ್ಕ್ಯಾನರ್, ಟಾರ್ಕ್ ಎರಡೂ ಕೆಲಸಕ್ಕೆ ಬರುತ್ತವೆ. ಕೆಲಸ ಮುಗಿದ ಮೇಲೆ ಡಾಂಗಲ್ ಕಿತ್ತಿಡಬೇಕು. ಅದು 45 ಮಿಲಿ ಆಂಪಿಯರ್ ಎಳೆಯುತ್ತಿದ್ದರೂ ದಿನಕ್ಕೆ ಒಂದು ಆಂಪಿಯರ್-ಅವರ್ ಹೋಯಿತು. ಹತ್ತು ದಿನ ನಿಂತ ಗಾಡಿಯ 35ರ ಬ್ಯಾಟರಿಯಲ್ಲಿ ಮೂರನೇ ಒಂದು ಭಾಗ ಖಾಲಿ.

ಕೈ ಸ್ಕ್ಯಾನರ್ ಎರಡರಿಂದ ಐದು ಸಾವಿರದ ಮಾತು. ವಯರ್ ಚುಚ್ಚಿದರೆ ಪೋರ್ಟಿನಿಂದಲೇ ಕರೆಂಟ್ ತೆಗೆದುಕೊಂಡು ಎದ್ದು ಕೂರುತ್ತದೆ. ಫೋನು, ಪೇರಿಂಗ್, ಆ್ಯಪ್ ಜಾಹೀರಾತು ಯಾವ ಗೋಜೂ ಇಲ್ಲ. ಹಳೆಯ ಪ್ರೋಟೋಕಾಲ್‌ಗಳನ್ನು ನಕಲಿ ಡಾಂಗಲ್‌ಗಿಂತ ನಂಬಿಕೆಯಿಂದ ಓದುತ್ತದೆ. ಆದರೆ ಆ ಬೆಲೆಯವುಗಳಲ್ಲಿ ಅಂಕಿಗಳನ್ನು ಹತ್ತು ನಿಮಿಷ ದಾಖಲಿಸಿ ಮನೆಯಲ್ಲಿ ಗ್ರಾಫ್ ನೋಡುವ ಅನುಕೂಲ ಅಪರೂಪ. ವಾರಕ್ಕೆ ನಾಲ್ಕು ಗಾಡಿ ನೋಡುವ ಬ್ರೋಕರಿಗೆ ಇದು ಸರಿ. ಮನೆಯ ಒಂದು ಕಾರಿಗೆ ಇಷ್ಟು ಹಾಕುವುದು ನಮ್ಮ ಲೆಕ್ಕದಲ್ಲಿ ದಂಡ.

ಒಂದೇ ಕೋಡ್, ನಾಲ್ಕು ಉತ್ತರ

ದೀಪ ಹತ್ತಿದಾಗ ಎಂಜಿನ್ ಕಂಪ್ಯೂಟರ್ ಬರೆದಿಡುವ ದೋಷದ ಸಂಖ್ಯೆಯೇ ಕೋಡ್. ಪಿ0171 ಕೋಡನ್ನೇ ಹಿಡಿದು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಎಂಬುದು ಇದರ ಅರ್ಥ. ಎಲ್ಲಿ, ಯಾಕೆ ಅನ್ನುವುದು ಕೋಡಿನಲ್ಲಿ ಇಲ್ಲ. ಕೈ ಸ್ಕ್ಯಾನರ್ ಈ ಸಾಲು ತೋರಿಸಿ ಹೆಚ್ಚೂಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಕೋಡ್ ಓದಿ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಾಯಿಸಿಬಿಡುವ ಅಭ್ಯಾಸ ಗ್ಯಾರೇಜು, ಷೋರೂಮು ಎರಡೂ ಕಡೆ ಇದೆ. ಸೆನ್ಸರ್ ಇದ್ದದ್ದನ್ನು ಹೇಳಿತು ಅಷ್ಟೇ, ಅದರ ತಪ್ಪಿಲ್ಲ.

ಡಾಂಗಲ್ಲಿನಲ್ಲಿ ಫ್ಯೂಯಲ್ ಟ್ರಿಮ್ ಎಂಬ ಎರಡು ಅಂಕಿ ನೋಡಿ, ಶಾರ್ಟ್ ಮತ್ತು ಲಾಂಗ್. ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಶೇಕಡ ಎಷ್ಟು ಹೆಚ್ಚಿಸುತ್ತಿದೆ (ಪ್ಲಸ್), ಎಷ್ಟು ಕಡಿಮೆ ಮಾಡುತ್ತಿದೆ (ಮೈನಸ್) ಎಂಬುದು ಇವು. ಎಂಜಿನ್ ಬಿಸಿಯಾದ ಮೇಲೆ ಎರಡನ್ನೂ ಕೂಡಿಸಿದ ಮೊತ್ತ ಪ್ಲಸ್ ಮೈನಸ್ 10%ರೊಳಗಿದ್ದರೆ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ಪ್ಲಸ್ 22, ರೇಸ್ ಮಾಡಿ 2,500 ಆರ್‌ಪಿಎಂನಲ್ಲಿ ಹಿಡಿದರೆ ಪ್ಲಸ್ 4ಕ್ಕೆ ಇಳಿಯುತ್ತಿದೆ ಎಂದರೆ ಥ್ರಾಟಲ್ ಬಾಡಿಯ ಆಚೆ ಎಲ್ಲೋ ಗಾಳಿ ಸೇರುತ್ತಿದೆ: ಸೀಳಿದ ವ್ಯಾಕ್ಯೂಮ್ ಹೋಸ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಪೈಪು. ಐಡ್ಲಿಂಗ್‌ನಲ್ಲಿ ಸರಿಯಿದ್ದು ಏರು ಹತ್ತುವಾಗ ಪ್ಲಸ್ 20 ಆದರೆ ಪೆಟ್ರೋಲೇ ಸಾಲುತ್ತಿಲ್ಲ, ಪಂಪು, ಫಿಲ್ಟರ್ ಕಡೆ ಹೋಗಿ. ಇಲ್ಲೊಂದು ತಿರುವು ಇದೆ. ಈ ಲೆಕ್ಕ ಗಾಳಿಯನ್ನು ನೇರ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರಿಗೆ ಚೆನ್ನಾಗಿ ಕೂರುತ್ತದೆ. ನಮ್ಮ ರಸ್ತೆಯಲ್ಲಿರುವ ಎಷ್ಟೋ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಇರುವುದು ಮ್ಯಾನಿಫೋಲ್ಡ್ ಒತ್ತಡ ನೋಡುವ ಮ್ಯಾಪ್ ಸೆನ್ಸರ್. ಅವುಗಳಲ್ಲಿ ಗಾಳಿ ಸೋರಿದರೆ ಟ್ರಿಮ್ ಅಷ್ಟಾಗಿ ಕದಲದು, ಬದಲಿಗೆ 750–800ರಲ್ಲಿ ಇರಬೇಕಾದ ಐಡ್ಲಿಂಗ್ ಏರಿ ಕೂರುತ್ತದೆ.

ಇನ್ನೊಂದು, ಈಗ ಬಂಕುಗಳಲ್ಲಿ ಇರುವುದು 20% ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲಿಗೆ ಗಾಳಿಯ ಅನುಪಾತ 14.7 ಆದರೆ ಇದಕ್ಕೆ 13.5ರ ಸುಮಾರು, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಹತ್ತು ವರ್ಷದ ಗಾಡಿಯ ಲಾಂಗ್ ಟ್ರಿಮ್ ಎಲ್ಲ ವೇಗದಲ್ಲೂ ಒಂದೇ ಸಮ ಪ್ಲಸ್ 5–6 ತೋರಿಸಿದರೆ ಅದು ಸೋರಿಕೆಯಲ್ಲ, ಮಂಡ್ಯದ ಕಬ್ಬಿನ ಋಣ. ಆದರೆ ಮೊದಲೇ ಅಷ್ಟು ಮೇಲೆ ಹೋಗಿರುವುದರಿಂದ ಸಣ್ಣ ಸೋರಿಕೆಯೂ ಬೇಗ ದೀಪ ಹತ್ತಿಸುತ್ತದೆ. ಹೊರಗಿನಿಂದ ಹಾಕಿಸಿದ ಗ್ಯಾಸ್ ಕಿಟ್ ಇದ್ದರೆ ಪೆಟ್ರೋಲಿನಲ್ಲಿ ಓಡಿಸಿ ಟ್ರಿಮ್ ನೋಡಿ, ಆಮೇಲೆ ಗ್ಯಾಸಿನಲ್ಲಿ. ಗ್ಯಾಸಿನಲ್ಲಿ ಮಾತ್ರ ಕೆಟ್ಟರೆ ಕಿಟ್ ಟ್ಯೂನಿಂಗ್ ಕೆಲಸ, ಎಂಜಿನ್ ಬಿಚ್ಚಬೇಡಿ.

ಗ್ಯಾರೇಜು ಗೆಲ್ಲುವುದು ಇದಾದ ಮೇಲೆ. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಇಂಧನ ಒತ್ತಡಕ್ಕೆ ಸೆನ್ಸರೇ ಇರುವುದಿಲ್ಲ, ಆದ್ದರಿಂದ ಯಾವ ಸ್ಕ್ಯಾನರಿಗೂ ಅದು ಕಾಣದು. ಗೇಜ್ ಹಾಕಿಯೇ ನೋಡಬೇಕು; ಹೆಚ್ಚಿನವಕ್ಕೆ 3ರಿಂದ 4 ಬಾರ್. ಹೊಗೆ ಬಿಟ್ಟು ಸೋರಿಕೆ ಹುಡುಕುವ ಸ್ಮೋಕ್ ಮಶೀನ್ ಇರುವ ಗ್ಯಾರೇಜಾದರೆ ಇನ್ನೂ ಒಳ್ಳೆಯದು. ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಐಡ್ಲಿಂಗ್ ಬದಲಾಗುತ್ತದೆಯೇ ನೋಡುವ ಹಳೆಯ ಉಪಾಯವೂ ಕೆಲಸ ಮಾಡುತ್ತದೆ, ಆದರೆ ಕಾದ ಎಗ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ. ಗ್ಯಾರೇಜಿನಲ್ಲಿ ‘ಕೋಡ್ ಏನು’ ಎಂದು ಕೇಳಬೇಡಿ, ‘ಫ್ರೀಜ್ ಫ್ರೇಮ್ ತೋರಿಸಿ’ ಎನ್ನಿ. ದೀಪ ಹತ್ತಿದ ಕ್ಷಣದ ವೇಗ, ಆರ್‌ಪಿಎಂ, ನೀರಿನ ಬಿಸಿ, ಲೋಡ್ ಎಲ್ಲ ಅದರಲ್ಲಿ ಉಳಿದಿರುತ್ತವೆ. ಕೆಲಸದ ಹುಡುಗರು ಮೊದಲು ಒತ್ತುವುದೇ ‘ಕ್ಲಿಯರ್’ ಗುಂಡಿ. ಒತ್ತಿದರೆ ಆ ಸಾಕ್ಷಿ ಹೋಯಿತು. ಮುಂಚೆಯೇ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ.

ಮಿಸ್ಸಿಂಗ್ ಕೋಡುಗಳಲ್ಲಿ ಡಾಂಗಲ್‌ಗೆ ಎದುರಾಳಿಯೇ ಇಲ್ಲ. ಪಿ0303 ಎಂದರೆ ಮೂರನೇ ಸಿಲಿಂಡರ್. ಪ್ಲಗ್ ಮೇಲೆಯೇ ಕೂರುವ ಕಾಯಿಲ್ ಇರುವ ಎಂಜಿನ್ ಆದರೆ 10 ನಂಬರ್ ಬೋಲ್ಟ್ ಬಿಚ್ಚಿ ಮೂರರ ಕಾಯಿಲ್ ಒಂದಕ್ಕೆ, ಒಂದರದು ಮೂರಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ. ಪಿ0301 ಬಂದರೆ ಕಾಯಿಲ್ ಕೆಟ್ಟಿದೆ. ಮೂರರಲ್ಲೇ ಉಳಿದರೆ ಪ್ಲಗ್ ಅದಲುಬದಲು ಮಾಡಿ. ಆಗಲೂ ಮೂರೇ ಎಂದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್, ಅದು ಗ್ಯಾರೇಜಿನ ಪಾಲು. ಖರ್ಚು ಸೊನ್ನೆ. ಸಮತಟ್ಟಿನಲ್ಲಿ ತಣ್ಣಗಿರುವ ಮಿಸ್ಸಿಂಗ್ ಏರಿನಲ್ಲಿ ಎದ್ದೇಳುತ್ತದೆ, ಅದಕ್ಕೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆಯ ಟೆಸ್ಟ್ ಬೆಂಚ್ ಇಲ್ಲ. ಮೂರನೇ ಗೇರಿನಲ್ಲಿ ಹತ್ತಿಸಿ. ಪಕ್ಕದಲ್ಲಿ ಕೂತವರು ಫೋನ್ ನೋಡಲಿ. ದೀಪ ಮಿನುಗಿದರೆ ಅಲ್ಲಿಗೇ ಕಾಲು ತೆಗೆಯಿರಿ. ಆಷಾಢ ಶುಕ್ರವಾರ ಬೇಡ, ಗಾಡಿ ಮೇಲಕ್ಕೆ ಬಿಡುವುದಿಲ್ಲ.

ಪೆಟ್ರೋಲ್ ಮುಚ್ಚಳ ಬಿಗಿ ಮಾಡಿ, ದೀಪ ಹೋಗುತ್ತದೆ ಎಂಬ ಸಲಹೆ ವಿಡಿಯೋಗಳಲ್ಲಿ ತುಂಬಿದೆ. ಅದು ಅಮೆರಿಕದ ಮಾತು. ಅಲ್ಲಿನ ಗಾಡಿ ಟ್ಯಾಂಕಿನ ಆವಿ ಸೋರಿಕೆಯನ್ನೂ ಪರೀಕ್ಷಿಸುತ್ತದೆ. ನಮ್ಮ ನಿಯಮ ಯುರೋಪಿನ ಜಾಡಿನದು, ಇಲ್ಲಿನ ಸಾಮಾನ್ಯ ಕಾರುಗಳಲ್ಲಿ ಆ ಪರೀಕ್ಷೆ ಇಲ್ಲ. ಮುಚ್ಚಳ ಬಿಗಿ ಮಾಡಿ ಕಾಯುತ್ತ ಕೂರಬೇಡಿ.

ಸ್ಕ್ಯಾನರಿಗಿಂತ ಮಲ್ಟಿಮೀಟರ್ ಮೇಲಾಗುವ ಜಾಗ

ಮಂಡ್ಯ, ಶ್ರೀರಂಗಪಟ್ಟಣದ ಕಡೆ ಗದ್ದೆ, ಕಬ್ಬಿನ ತೋಟದ ಪಕ್ಕ ನಿಲ್ಲುವ ಕಾರುಗಳ ದೊಡ್ಡ ಶತ್ರು ಇಲಿ. ಬೆಚ್ಚಗಿನ ಎಂಜಿನ್ ಮೇಲೆ ಕೂತು ವಯರ್ ಕಡಿಯುತ್ತದೆ. ಪಿ0135 ಬಂದರೆ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್ ಎಂದಷ್ಟೇ ನಾಲ್ಕೂ ದಾರಿಗಳು ಹೇಳುತ್ತವೆ. ಸೆನ್ಸರ್ ಬದಲಿಸುವ ಮುಂಚೆ ಫ್ಯೂಸ್ ನೋಡಿ, ಕಪ್ಲರ್ ಬಿಚ್ಚಿ ಹಸಿರು ಕಿಲುಬು ಇದೆಯೇ ನೋಡಿ. ಸೆನ್ಸರಿನ ಕಡೆಯ ನಾಲ್ಕು ವಯರಿನಲ್ಲಿ ಒಂದೇ ಬಣ್ಣದ ಎರಡು ಸಾಮಾನ್ಯವಾಗಿ ಹೀಟರಿನವು. ಸೆನ್ಸರ್ ತಣ್ಣಗಿರುವಾಗ ಅವುಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಕೆಲವು ಓಮ್‌ನಿಂದ ಹದಿನೈದರ ಆಸುಪಾಸು ಬಂದರೆ ಹೀಟರ್ ಚೆನ್ನಾಗಿದೆ, ವಯರಿಂಗ್ ಹುಡುಕಿ. ಏನೂ ತೋರಿಸದಿದ್ದರೆ ಸೆನ್ಸರ್ ಹೋಗಿದೆ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಕೋಡ್ ಒಟ್ಟಿಗೆ ಬಂದರೂ ಮಲ್ಟಿಮೀಟರೇ ಮೊದಲು: ನಿಂತ ಬ್ಯಾಟರಿ 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.5. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸರಿಮಾಡಿಕೊಂಡು ಆಮೇಲೆ ಕೋಡ್ ನಂಬಿ.

ಷೋರೂಮಿಗೆ ಹೋಗುವುದು ಯಾವಾಗ? ವಾರಂಟಿ ಬಾಕಿ ಇದ್ದರೆ ಮೊದಲೇ ಅಲ್ಲಿಗೆ ಹೋಗಿ, ಬೇರೆ ಯಾರೂ ಬಿಚ್ಚಬಾರದು. ಇಮ್ಮೊಬಿಲೈಸರ್ (ಕಳ್ಳತನ ತಡೆಯುವ) ಕೀ, ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಅಪ್‌ಡೇಟ್ ಎಂದರೂ ಅದೇ. ಉಳಿದದ್ದರಲ್ಲಿ ಒಳ್ಳೆಯ ಮಲ್ಟಿಬ್ರ್ಯಾಂಡ್ ಸ್ಕ್ಯಾನರ್ ಇರುವ ಗ್ಯಾರೇಜು ಅಷ್ಟೇ ಕೆಲಸವನ್ನು ಕಡಿಮೆಗೆ ಮಾಡುತ್ತದೆ, ಅದೂ ನಿಮ್ಮ ಕಣ್ಣೆದುರಿಗೆ. ಡೀಸೆಲ್‌ನಲ್ಲಂತೂ ಇದು ಖಂಡಿತ. ಇಂಜೆಕ್ಟರ್ ಕರೆಕ್ಷನ್ ಅಂಕಿ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವನ್ನು ಕಂಪ್ಯೂಟರಿನಿಂದಲೇ ತೆರೆದು ಮುಚ್ಚುವ ಪರೀಕ್ಷೆ, ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೂತ ಮಸಿಯ ತೂಕ ಇವೆಲ್ಲ ಸಾಮಾನ್ಯವಾಗಿ ಡಾಂಗಲ್ಲಿನ ಕೈಗೆ ಸಿಗುವುದಿಲ್ಲ. ಬಿಎಸ್6 ಡೀಸೆಲ್‌ನಲ್ಲಿ ಬರೀ ಡಿಪಿಎಫ್ ದೀಪ ಹತ್ತಿದ್ದರೆ ಗ್ಯಾರೇಜಿಗೂ ಮುಂಚೆ ಬೆಂಗಳೂರು ಎಕ್ಸ್‌ಪ್ರೆಸ್‌ವೇ ಹತ್ತಿ ಇಪ್ಪತ್ತು ನಿಮಿಷ 2,000 ಆರ್‌ಪಿಎಂ ಮೇಲೆ ಒಂದೇ ಸಮ ಓಡಿಸಿ ನೋಡಿ. ಊರೊಳಗಿನ ಓಡಾಟದಲ್ಲಿ ಮಸಿ ಸುಡುವಷ್ಟು ಬಿಸಿ ಬರುವುದಿಲ್ಲ. ಡಿಪ್‌ಸ್ಟಿಕ್ ಕೂಡ ನೋಡಿ. ಆಯಿಲ್ ಮಟ್ಟ ಏರಿದ್ದರೆ ಡೀಸೆಲ್ ಬೆರೆತಿದೆ, ಬದಲಾಯಿಸಲೇಬೇಕು.

ಕೊಳ್ಳುವ ಮುಂಚೆ

ಡಾಂಗಲ್ ದುಡ್ಡು ಹುಟ್ಟಿಸುವುದು ಇಲ್ಲಿಯೇ. ಕೀ ಆನ್ ಮಾಡಿದಾಗ, ಸ್ಟಾರ್ಟ್ ಮಾಡುವ ಮುಂಚೆ, ಎಂಜಿನ್ ದೀಪ ಹತ್ತಲೇಬೇಕು. ಹತ್ತದಿದ್ದರೆ ಬಲ್ಬ್ ತೆಗೆದಿದ್ದಾರೆ ಅಥವಾ ಕಪ್ಪು ಟೇಪ್ ಅಂಟಿಸಿದ್ದಾರೆ. ಚಾಲಾಕಿ ಇದ್ದವರು ಅದನ್ನು ಆಯಿಲ್ ದೀಪದ ವಯರಿಗೆ ಸೇರಿಸಿಬಿಡುತ್ತಾರೆ: ಸ್ಟಾರ್ಟ್ ಆದ ಕೂಡಲೇ ಎರಡೂ ಒಂದೇ ಕ್ಷಣಕ್ಕೆ ಆರುತ್ತವೆ. ಆ್ಯಪ್‌ನಲ್ಲಿ ‘ದೀಪ ಆನ್’ ಎಂದಿದ್ದು ಮೀಟರಿನಲ್ಲಿ ಕತ್ತಲೆ ಇದ್ದರೆ ಕಳ್ಳತನ ಸಿಕ್ಕಿತು.

ಬ್ಯಾಟರಿ ಕಳಚಿಯೋ ಸ್ಕ್ಯಾನರಿನಿಂದಲೋ ಕೋಡ್ ಅಳಿಸಿ ಕಾರು ತೋರಿಸುವುದು ಮಾಮೂಲು. ಅಳಿಸಿದರೂ ಗುರುತು ಉಳಿಯುತ್ತದೆ. ಆ್ಯಪ್‌ನಲ್ಲಿ ಕೋಡ್ ಅಳಿಸಿದ ಮೇಲೆ ಓಡಿದ ದೂರ ಎಂಬ ಅಂಕಿ ಹುಡುಕಿ. 70,000 ಓಡಿದ ಗಾಡಿಯಲ್ಲಿ ಅದು 6 ಕಿ.ಮೀ. ಎಂದಿದ್ದರೆ ಇವತ್ತು ಬೆಳಿಗ್ಗೆಯೇ ಅಳಿಸಿದ್ದಾರೆ. ರೆಡಿನೆಸ್ ಪಟ್ಟಿಯಲ್ಲಿ (ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಮುಗಿಸಿದೆಯೇ ಎಂದು ಹೇಳುವ ಪಟ್ಟಿ) ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್ ಮುಂದೆ ‘ಪೂರ್ಣವಾಗಿಲ್ಲ’ ಎಂದಿದ್ದರೂ ಅದೇ ಕತೆ. ಹೆಚ್ಚಿನ ದೋಷಗಳಿಗೆ ಸತತ ಎರಡು ಓಟದಲ್ಲಿ ಕಂಡರೆ ಮಾತ್ರ ದೀಪ ಹತ್ತುತ್ತದೆ, ಆದರೆ ಮೊದಲ ಓಟದಲ್ಲೇ ‘ಪೆಂಡಿಂಗ್’ ಪಟ್ಟಿಗೆ ಬಂದಿರುತ್ತದೆ. ಮೈಸೂರಿನಿಂದ ಮಂಡ್ಯಕ್ಕೆ ಹೋಗಿ ಬಂದರೆ ತೊಂಬತ್ತು ಕಿ.ಮೀ. ಆಸುಪಾಸು, ಆ ಓಟಕ್ಕೆ ರೆಡಿನೆಸ್ ಬಹುಪಾಲು ಪೂರ್ಣವಾಗಿ, ಅಳಿಸಿದ್ದು ಪೆಂಡಿಂಗ್‌ನಲ್ಲಿ ತಲೆ ಎತ್ತುತ್ತದೆ. ಅಷ್ಟು ದೂರಕ್ಕೆ ಮಾರುವವರು ಒಪ್ಪದಿದ್ದರೆ ರಿಂಗ್ ರಸ್ತೆಯಲ್ಲಾದರೂ ಅರ್ಧ ಗಂಟೆ ಓಡಿಸಿ, ಎಂಜಿನ್ ಆಫ್ ಮಾಡುವ ಮುಂಚೆ ಪೆಂಡಿಂಗ್ ಪಟ್ಟಿ ತೆರೆದು ನೋಡಿ, ಅಡ್ವಾನ್ಸ್ ಮಾತು ಆಮೇಲೆ.