ಶಾಲೆಯ ಸುದ್ದಿ ಮನೆ ಮುಟ್ಟುವ ದಾರಿಗಳು: ಆ್ಯಪ್, ಎಸ್ಎಂಎಸ್, ಡೈರಿ ಮತ್ತು ವಾಟ್ಸ್‌ಆ್ಯಪ್ ಗುಂಪಿನ ಹೋಲಿಕೆ

ಪ್ರಾಥಮಿಕ ಶಾಲೆಯ ಸುದ್ದಿ ಪೋಷಕರನ್ನು ತಲುಪಲು ಇರುವ ದಾರಿಗಳಲ್ಲಿ ನನ್ನ ಮೆಚ್ಚಿನದು ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ: ಶಿಕ್ಷಕರು ಮಾತ್ರ ಬರೆಯಬಹುದಾದ, ಉಳಿದವರು ಓದುವುದಕ್ಕಷ್ಟೇ ಇರುವ ವಾಟ್ಸ್‌ಆ್ಯಪ್ ಗುಂಪು. ದುಡ್ಡು ಕೊಟ್ಟು ಪಡೆದ ಶಾಲಾ ಆ್ಯಪ್ ಮಳೆಗಾಲದಲ್ಲಿ ಕೈಕೊಟ್ಟ ಮೇಲೆ ಈ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು. ನಮ್ಮ ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮಗ ಪೇಟೆಯ ಖಾಸಗಿ ಶಾಲೆಯಲ್ಲಿ ಐದನೆಯ ತರಗತಿಯಲ್ಲಿದ್ದಾನೆ, ಮಗಳು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎರಡನೆಯ ತರಗತಿಯಲ್ಲಿದ್ದಾಳೆ. ಹೀಗಾಗಿ ಎರಡು ಶಾಲೆಗಳ ಎಲ್ಲ ಬಗೆಯ ಸೂಚನೆಗಳೂ ಒಂದೇ ಮನೆಗೆ ಬರುತ್ತವೆ, ಯಾವುದು ಮೊದಲು ಬಂತು, ಯಾವುದು ಬರಲೇ ಇಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ಶಾಲೆಯ ಸುದ್ದಿಗಳಲ್ಲಿ ಹೆಚ್ಚಿನವು ಒಂದು ದಿನ ತಡವಾದರೂ ನಡೆಯುವಂಥವು. ಪೋಷಕರ ಸಭೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ, ಪ್ರತಿಭಾ ಕಾರಂಜಿಯ ಅಭ್ಯಾಸ, ಸಮವಸ್ತ್ರದ ಅಳತೆ, ಲಸಿಕೆಗೆ ಒಪ್ಪಿಗೆ ಪತ್ರ, ಯಾವ ಮಕ್ಕಳಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಎಂಬ ಪಟ್ಟಿ, ಇವೆಲ್ಲ ಮರುದಿನ ಗೊತ್ತಾದರೂ ಆಕಾಶ ಕಳಚಿ ಬೀಳುವುದಿಲ್ಲ. ಮಲೆನಾಡಿನಲ್ಲಿ ತಡೆಯಲಾಗದ ಸುದ್ದಿ ಒಂದೇ, ಅದು ಮಳೆಯ ರಜೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಆಗುಂಬೆಯ ಕಡೆಯಿಂದ ಮಳೆ ಹಿಡಿದು ಹಳ್ಳಗಳು ತುಂಬಿದರೆ ಜಿಲ್ಲಾಡಳಿತ ಕೆಲವೊಮ್ಮೆ ಇಡೀ ಜಿಲ್ಲೆಗೆ, ಕೆಲವೊಮ್ಮೆ ತೀರ್ಥಹಳ್ಳಿ, ಹೊಸನಗರ, ಸಾಗರದಂಥ ತಾಲ್ಲೂಕುಗಳಿಗಷ್ಟೇ ರಜೆ ಘೋಷಿಸುತ್ತದೆ. ಆದೇಶ ರಾತ್ರಿ ಒಂಬತ್ತಕ್ಕೂ ಬರಬಹುದು, ಬೆಳಗಿನ ಆರೂವರೆಗೂ ಬರಬಹುದು. ಮಗನ ವ್ಯಾನ್ ಬರುವುದು ಏಳೂಮುಕ್ಕಾಲಕ್ಕೆ, ಅದಕ್ಕೆ ನಾವು ಮುಖ್ಯರಸ್ತೆಯವರೆಗೆ ನಡೆದುಕೊಂಡು ಹೋಗಬೇಕು. ಆದ್ದರಿಂದ ಈ ಹೋಲಿಕೆಯಲ್ಲಿ ನಾನು ಬಳಸಿದ ಅಳತೆಗೋಲು ಇಷ್ಟೇ: ಬೆಳಗಿನ ಏಳು ಗಂಟೆಯೊಳಗೆ ರಜೆಯ ಸುದ್ದಿ, ಅದೂ ನಿಜವಾದ ಸುದ್ದಿ, ಮನೆಯಲ್ಲಿ ಯಾರಿಗಾದರೂ ತಲುಪಿತೇ ಇಲ್ಲವೇ?

ಮೊದಲು ಆ್ಯಪ್ ವಿಚಾರ. ಮಗನ ಶಾಲೆಯವರು ಶುಲ್ಕದ ರಸೀದಿಯಲ್ಲಿ ಡಿಜಿಟಲ್ ಸೇವೆ ಎಂಬ ಹೆಸರಿನಲ್ಲಿ ವರ್ಷಕ್ಕೆ ಆರುನೂರು ರೂಪಾಯಿ ಸೇರಿಸಿ, ಇನ್ನು ಮುಂದೆ ಎಲ್ಲ ಸೂಚನೆಗಳೂ ಆ್ಯಪ್‌ನಲ್ಲೇ ಬರುತ್ತವೆ ಎಂದು ತಿಳಿಸಿದರು. ಹಾಜರಾತಿ, ಶುಲ್ಕದ ಬಾಕಿ, ಕಿರುಪರೀಕ್ಷೆಯ ಅಂಕಗಳು ಅದರಲ್ಲಿ ಅಚ್ಚುಕಟ್ಟಾಗಿ ಕಾಣುತ್ತವೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಶುಲ್ಕದ ರಸೀದಿ ಕಳೆದುಹೋಗುವ ಭಯ ತಪ್ಪಿದ್ದಂತೂ ನಿಜವಾದ ಅನುಕೂಲ.

ತೊಂದರೆ ಇರುವುದು ಸೂಚನೆಯ ಬಾಗಿಲಲ್ಲೇ. ಫೋನಿನ ಪರದೆಯ ಮೇಲೆ ‘ನಿಮಗೊಂದು ಹೊಸ ಪ್ರಕಟಣೆ ಬಂದಿದೆ’ ಎಂದಷ್ಟೇ ಕಾಣಿಸುತ್ತದೆ, ಒಳಗೆ ಏನಿದೆ ಎಂಬುದು ಕಾಣಿಸುವುದಿಲ್ಲ. ಅದನ್ನು ಒತ್ತಿದರೆ ಲಾಗಿನ್ ಅವಧಿ ಮುಗಿದಿದೆ, ಮೊಬೈಲ್ ಸಂಖ್ಯೆ ನಮೂದಿಸಿ ಎನ್ನುತ್ತದೆ. ನಮೂದಿಸಿದರೆ ಓಟಿಪಿ ಹೋಗುವುದು ದಾಖಲಾತಿ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ಬರೆದಿದ್ದ ಸಂಖ್ಯೆಗೆ. ನಮ್ಮ ಯಜಮಾನರು ಬೆಳಗಿನ ಹೊತ್ತು ಅಡಿಕೆ ತೋಟದಲ್ಲಿರುತ್ತಾರೆ, ತೋಟವಿರುವುದು ತಗ್ಗಿನಲ್ಲಿ, ಅಲ್ಲಿ ಸಿಗ್ನಲ್ ಎಂಬುದು ಕೇಳಿದ ಹೆಸರು ಮಾತ್ರ. ಅವರು ದರೆ ಹತ್ತಿ ಮೇಲೆ ಬಂದಾಗ ಓಟಿಪಿ ಬರುತ್ತದೆ, ಆದರೆ ಅದರ ಆಯಸ್ಸು ಕೆಲವೇ ನಿಮಿಷವಾದ್ದರಿಂದ ಅದು ಬರುವಾಗಲೇ ಕೆಲಸಕ್ಕೆ ಬಾರದ್ದಾಗಿರುತ್ತದೆ. ಮತ್ತೆ ಕೇಳಬೇಕು, ಮತ್ತೆ ಕಾಯಬೇಕು. ಹಲವು ಸಲ ಕೇಳಿದರೆ ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದು ಆ್ಯಪ್ ನಮಗೇ ಬುದ್ಧಿ ಹೇಳುತ್ತದೆ.

ನನ್ನ ಸಂಖ್ಯೆಯನ್ನು ಸೇರಿಸಿಕೊಳ್ಳಿ ಎಂದು ಶಾಲೆಯ ಕಚೇರಿಯಲ್ಲಿ ಕೇಳಿದಾಗ, ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಇಬ್ಬರೂ ಸಹಿ ಮಾಡಿ ಕೊಡಬೇಕು, ಬದಲಾವಣೆ ಮಾಡುವವರು ಕಂಪನಿಯವರು ಎಂಬ ಉತ್ತರ ಸಿಕ್ಕಿತು. ಸಂಖ್ಯೆ ಬದಲಾದ ಮೇಲೆ ಹೊಸ ಸಮಸ್ಯೆ ತಲೆದೋರಿತು. ಒಂದು ಮಗುವಿನ ಖಾತೆ ಒಂದು ಹೊತ್ತಿಗೆ ಒಂದೇ ಫೋನಿನಲ್ಲಿ ತೆರೆದಿರಬಹುದಂತೆ, ನಾನು ಒಳಗೆ ಹೋದರೆ ಅವರು ಹೊರಗೆ. ಇಷ್ಟೆಲ್ಲ ದಾಟಿ ಒಳಗೆ ಹೋದವರಿಗೆ ಸಿಗುವುದು ಶಾಲೆಯ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಮುದ್ರೆ ಒತ್ತಿ, ಸ್ಕ್ಯಾನ್ ಮಾಡಿದ ಪಿಡಿಎಫ್. ರಾತ್ರಿಯಿಡೀ ಕರೆಂಟಿಲ್ಲದೆ ಟವರಿನ ಬ್ಯಾಟರಿ ಕುಸಿದ ಬೆಳಿಗ್ಗೆ ಆ ಕಡತ ಇಳಿಯುವ ಗುರುತಾಗಿ ಪರದೆಯಲ್ಲಿ ಒಂದು ವೃತ್ತ ಸುತ್ತುತ್ತಲೇ ಇರುತ್ತದೆ. ‘ನಾಳೆ ರಜೆ’ ಎಂಬ ಎರಡು ಪದಗಳಿಗೆ ಇಷ್ಟು ದೊಡ್ಡ ಡೋಲಿ ಹೊರಿಸುವ ಅಗತ್ಯವೇನಿತ್ತು ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸೂಚನೆಯ ಮೊದಲ ಸಾಲನ್ನು ಪರದೆಯ ಮೇಲೆಯೇ ತೋರಿಸಿದ್ದರೆ ಈ ಲೇಖನದ ಅರ್ಧದಷ್ಟು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಇದೇ ಆ್ಯಪ್ ಮೊದಲ ಬಾರಿ ತೆರೆದಾಗ ಫೋನಿನಲ್ಲಿರುವ ಸಂಪರ್ಕಗಳನ್ನೂ ನಾವಿರುವ ಸ್ಥಳವನ್ನೂ ನೋಡಲು ಅನುಮತಿ ಕೇಳಿತು. ಎರಡನ್ನೂ ನಿರಾಕರಿಸಿದೆ, ಯಾವ ಕೆಲಸವೂ ನಿಲ್ಲಲಿಲ್ಲ.

ಎಸ್ಎಂಎಸ್ ಬಗ್ಗೆ ನನಗೆ ಗೌರವವಿದೆ. ನಮ್ಮ ಅತ್ತೆಯವರ ಕೀಪ್ಯಾಡ್ ಫೋನಿಗೂ ಅದು ಬರುತ್ತದೆ, ಡೇಟಾ ಬೇಡ, ಸಿಗ್ನಲಿನ ಒಂದು ಕಡ್ಡಿ ಇದ್ದರೂ ಸಾಕು. ಆದರೆ ಕನ್ನಡಕ್ಕೆ ಅದು ಬಲು ಇಕ್ಕಟ್ಟಿನ ಜಾಗ. ಇಂಗ್ಲಿಷ್ ಸಂದೇಶವೊಂದರಲ್ಲಿ 160 ಅಕ್ಷರಗಳು ಹಿಡಿಸಿದರೆ ಕನ್ನಡದಲ್ಲಿ ಬರೆದಾಗ ಮಿತಿ 70ಕ್ಕೆ ಇಳಿಯುತ್ತದೆ, ಅದರಲ್ಲೂ ಕಾಗುಣಿತದ ಪ್ರತಿಯೊಂದು ಚಿಹ್ನೆಗೂ ಬೇರೆ ಲೆಕ್ಕ. ‘ನಾಳೆ ಶಾಲೆಗೆ ರಜೆ’ ಎಂಬುದು ನಮ್ಮ ಕಣ್ಣಿಗೆ ಏಳು ಅಕ್ಷರ, ಯಂತ್ರಕ್ಕೆ ಖಾಲಿ ಜಾಗವೂ ಸೇರಿ 15. ‘ಶ್ರೀ’ ಎಂಬ ಒಂದಕ್ಷರಕ್ಕೇ ನಾಲ್ಕು. ಶಾಲೆಯ ಹೆಸರು, ದಿನಾಂಕ, ಕಾರಣ, ಮುಖ್ಯ ಶಿಕ್ಷಕರ ಪದನಾಮ ಎಲ್ಲ ಸೇರುವ ಹೊತ್ತಿಗೆ ಒಂದು ಸಂದೇಶಕ್ಕೆ ಮೂರು ಸಂದೇಶಗಳ ಹಣ ತೆರಬೇಕಾಗುತ್ತದೆ. ಇದರ ಜೊತೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ತಂದ ನಿಯಮಾವಳಿಯಂತೆ ಸಗಟು ಸಂದೇಶ ಕಳುಹಿಸುವ ಸಂಸ್ಥೆ ತನ್ನ ಹೆಸರಿನ ಗುರುತನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಿರಬೇಕು. ವಂಚಕ ಸಂದೇಶಗಳ ತಡೆಗೆ ಅದು ಬೇಕಾದದ್ದೇ. ಆದರೆ ಅನುಮೋದನೆಯಾದ ಮಾದರಿಯ ಖಾಲಿ ಜಾಗಗಳನ್ನು ತುಂಬಬಹುದೇ ಹೊರತು, ಇವತ್ತು ಹಳ್ಳದ ಮೇಲಿನ ಸಂಕ ಮುಳುಗಿದೆ, ಆ ಕಡೆಯ ಮಕ್ಕಳನ್ನು ಸುತ್ತು ದಾರಿಯಿಂದ ಕರೆತನ್ನಿ ಎಂದು ಬರೆಯಲು ಅವಕಾಶವಿಲ್ಲ. ಮಗನ ಶಾಲೆ ಹಿಂದಿನ ವರ್ಷದವರೆಗೆ ಎಸ್ಎಂಎಸ್ ಕಳುಹಿಸುತ್ತಿತ್ತು, ಆ್ಯಪ್ ಬಂದ ಮೇಲೆ ನಿಲ್ಲಿಸಿತು. ನನ್ನ ಪಟ್ಟಿಯಲ್ಲಿ ಎರಡನೆಯ ಸ್ಥಾನ ಇದಕ್ಕೇ.

ಡೈರಿ ಹಳೆಯ ಪದ್ಧತಿ, ಅದರ ಕೆಲಸ ಬೇರೆ. ಮಗಳ ಲೆಕ್ಕದ ಬಗ್ಗೆ, ಊಟ ಬಿಡುವುದರ ಬಗ್ಗೆ, ಅವಳೊಬ್ಬಳಿಗೇ ಸಂಬಂಧಿಸಿದ ಮಾತನ್ನು ಶಿಕ್ಷಕಿ ಎರಡು ಸಾಲಿನಲ್ಲಿ ಬರೆದು, ನಾನು ಸಹಿ ಹಾಕಿ ಹಿಂದಿರುಗಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ನಲಿ-ಕಲಿ ಎಂಬ ಚಟುವಟಿಕೆಯ ಕಲಿಕೆ ಇರುವ ಚಿಕ್ಕ ತರಗತಿಗಳ ಮಕ್ಕಳು ಕರಿಹಲಗೆಯಿಂದ ಸೂಚನೆ ನೋಡಿ ಬರೆದುಕೊಳ್ಳುವಷ್ಟು ಬೆಳೆದಿರುವುದಿಲ್ಲವಾದ್ದರಿಂದ ಪ್ರತಿ ಪುಸ್ತಕದಲ್ಲೂ ಶಿಕ್ಷಕಿಯೇ ಬರೆಯಬೇಕು, ಹಾಗಾಗಿ ಸಾರ್ವತ್ರಿಕ ಸುದ್ದಿಗೆ ಅದು ಒಗ್ಗುವುದಿಲ್ಲ. ಶಾಲೆ ಬಿಟ್ಟ ಮೇಲೆ ಬರುವ ರಜೆಯ ಆದೇಶಕ್ಕಂತೂ ಡೈರಿಯಿಂದ ಪ್ರಯೋಜನವೇ ಇಲ್ಲ.

ಇನ್ನು ವಾಟ್ಸ್‌ಆ್ಯಪ್. ಮಗಳ ಶಾಲೆಯಲ್ಲಿ ಮೊದಲು ಇದ್ದದ್ದು ಎಲ್ಲರೂ ಬರೆಯಬಹುದಾದ ಗುಂಪು. ಅದರಲ್ಲಿ ಶುಭೋದಯದ ಹೂಗಳು, ಅಡಿಕೆ ಧಾರಣೆ, ಕಾಣೆಯಾದ ಎಮ್ಮೆಯ ವಿವರ, ಯಾರದೋ ಗೃಹಪ್ರವೇಶದ ಕರೆಯೋಲೆ, ಇವುಗಳ ನಡುವೆ ಎಲ್ಲೋ ಒಂದೆಡೆ ಶಾಲೆಯ ಮಾತು ಇರುತ್ತಿತ್ತು. ಹೂಗಳನ್ನಾದರೂ ಸಹಿಸಬಹುದು. ಸಹಿಸಲಾಗದ್ದು ರಜೆಯ ಹಳೆಯ ಆದೇಶಗಳು. ಜೋರು ಮಳೆ ಬಂದ ಸಂಜೆ ಯಾರಾದರೊಬ್ಬರು ಜಿಲ್ಲಾಧಿಕಾರಿಗಳ ಆದೇಶದ ಚಿತ್ರ ಹಾಕುತ್ತಿದ್ದರು. ಲಾಂಛನ ಸರಿ, ಸಹಿ ಸರಿ, ತಾಲ್ಲೂಕಿನ ಹೆಸರೂ ಸರಿ, ದಿನಾಂಕದ ಕೊನೆಯಲ್ಲಿರುವ ವರ್ಷ ಮಾತ್ರ ಹಿಂದಿನದು. ಆದೇಶ ಸುಳ್ಳಲ್ಲ, ಹಳೆಯದು, ಹಾಗಾಗಿ ಸುಳ್ಳಿಗಿಂತ ಹೆಚ್ಚು ನಂಬಿಸುತ್ತದೆ. ಮರುದಿನ ಅರ್ಧ ಮಕ್ಕಳು ಬರುತ್ತಿರಲಿಲ್ಲ, ಬಿಸಿಯೂಟದ ಅಕ್ಕಿ ಅಳೆಯುವ ಹೊತ್ತಿಗೆ ಹಾಜರಾತಿ ಏರುಪೇರಾಗುತ್ತಿತ್ತು.

ಕಡೆಗೆ ಪೋಷಕರ ಸಭೆಯೊಂದರಲ್ಲಿ ಗುಂಪನ್ನು ಶಿಕ್ಷಕರಷ್ಟೇ ಬರೆಯುವಂತೆ ಬದಲಾಯಿಸುವ ತೀರ್ಮಾನವಾಯಿತು. ಈ ಸೌಲಭ್ಯ ವಾಟ್ಸ್‌ಆ್ಯಪ್‌ನಲ್ಲಿ 2018ರಿಂದಲೇ ಇದೆ. ಗುಂಪಿನ ಸೆಟ್ಟಿಂಗ್‌ನಲ್ಲಿ ಸಂದೇಶ ಕಳುಹಿಸುವ ಅಧಿಕಾರವನ್ನು ಅಡ್ಮಿನ್‌ಗಳಿಗೆ ಸೀಮಿತಗೊಳಿಸಿದರೆ ಮುಗಿಯಿತು, ಪೈಸೆ ಖರ್ಚಿಲ್ಲ. ಮುಖ್ಯ ಶಿಕ್ಷಕಿ ಅದರ ಮೇಲೆ ತಮ್ಮದೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದಾರೆ, ಈ ವ್ಯವಸ್ಥೆಯ ಯಶಸ್ಸಿನ ಬಹುಪಾಲು ಅದಕ್ಕೇ ಸಲ್ಲಬೇಕು. ಮೊದಲ ಸಾಲಿನಲ್ಲಿ ವಾರ, ದಿನಾಂಕ ಮತ್ತು ಯಾವ ತರಗತಿಗೆ ಎಂಬುದು, ಎರಡನೆಯ ಸಾಲಿನಲ್ಲಿ ವಿಷಯ, ಎಲ್ಲವೂ ಟೈಪ್ ಮಾಡಿದ ಕನ್ನಡದಲ್ಲಿ. ‘ಬುಧವಾರ, (ದಿನಾಂಕ), 1ರಿಂದ 7ನೇ ತರಗತಿ. ಇಂದು ಮಳೆಯ ರಜೆ. ಶನಿವಾರ ಮಧ್ಯಾಹ್ನವೂ ತರಗತಿ ಇರುತ್ತದೆ.’ ಇಷ್ಟೇ. ಫೋನಿನ ಲಾಕ್ ತೆಗೆಯುವ ಮೊದಲೇ ಪರದೆಯ ಮೇಲೆ ಪೂರ್ತಿ ಓದಬಹುದು. ಸಿಗ್ನಲ್ ಎಷ್ಟೇ ಸೊರಗಿದ್ದರೂ ಇಷ್ಟು ಅಕ್ಷರಗಳು ಹೇಗೋ ತೂರಿ ಬರುತ್ತವೆ. ಅದರ ಬೆನ್ನಿಗೇ ಅದೇ ವಿಷಯವನ್ನು ಅವರ ದನಿಯಲ್ಲೇ ಹೇಳಿದ ಒಂದು ಚಿಕ್ಕ ವಾಯ್ಸ್ ಮೆಸೇಜ್ ಬರುತ್ತದೆ. ಓದಲು ಬಾರದ ಅಜ್ಜಿಯರ ಜೊತೆಯಲ್ಲಿರುವ ಮಕ್ಕಳ ಮನೆಗಳಲ್ಲಿ ಅದನ್ನೇ ಎರಡೆರಡು ಸಲ ಕೇಳಿಸಿಕೊಳ್ಳುತ್ತಾರೆ.

ಕೊರತೆಗಳಿಲ್ಲವೆಂದಲ್ಲ. ಸಾಮಾನ್ಯ ಗುಂಪಿನಲ್ಲಿ ಎಲ್ಲರ ಸಂಖ್ಯೆ ಎಲ್ಲರಿಗೂ ಕಾಣುತ್ತದೆ, ಕೆಲವು ತಾಯಂದಿರಿಗೆ ಇದು ಸರಿಬರಲಿಲ್ಲ. 2022ರಲ್ಲಿ ಬಂದ ಕಮ್ಯೂನಿಟಿ ಎಂಬ ಏರ್ಪಾಡಿನ ಪ್ರಕಟಣಾ ವಿಭಾಗದಲ್ಲಿ ಸದಸ್ಯರ ಸಂಖ್ಯೆಗಳು ಪರಸ್ಪರ ಕಾಣುವುದಿಲ್ಲವಾದ್ದರಿಂದ ಹೊಸದಾಗಿ ಶುರುಮಾಡುವ ಶಾಲೆಗಳು ಅದನ್ನೇ ಆರಿಸಿಕೊಳ್ಳುವುದು ಮೇಲು. ಬ್ರಾಡ್‌ಕಾಸ್ಟ್ ಪಟ್ಟಿ ಎಂಬ ಮೂರನೆಯ ದಾರಿಯನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ: ಅದರ ಸಂದೇಶ ತಲುಪುವುದು ಶಿಕ್ಷಕರ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ, ಯಾರು ಸೇವ್ ಮಾಡಿಕೊಂಡಿಲ್ಲ ಎಂಬುದು ಕಳುಹಿಸಿದವರಿಗೆ ತಿಳಿಯುವುದೂ ಇಲ್ಲ. ಮಕ್ಕಳ ಫೋಟೊಗಳನ್ನು ಹಾಕುವ ಮುನ್ನ ಪೋಷಕರ ಒಪ್ಪಿಗೆ ಕೇಳುವ ರೂಢಿ ಎರಡೂ ಶಾಲೆಗಳಲ್ಲಿ ಇನ್ನೂ ಬಂದಿಲ್ಲ.

ಪ್ರಶ್ನೆ ಕೇಳಲು ಗುಂಪಿನಲ್ಲಿ ಜಾಗವಿಲ್ಲ ಎಂಬ ದೂರು ಆರಂಭದಲ್ಲಿ ಜೋರಾಗಿತ್ತು. ನನಗೆ ಅದು ಕೊರತೆಯಾಗಿ ಕಾಣಲಿಲ್ಲ, ಕೇಳಬೇಕಾದವರು ಸಂಜೆ ನಾಲ್ಕೂವರೆಯ ನಂತರ ಶಿಕ್ಷಕಿಗೆ ಫೋನ್ ಮಾಡುತ್ತಾರೆ. ನಿಜವಾದ ಕೊರತೆ ಎಂದರೆ ಸ್ಮಾರ್ಟ್‌ಫೋನ್ ಇಲ್ಲದ ಮನೆಗಳು ಮತ್ತು ಒಂದೇ ಫೋನನ್ನು ತಂದೆ ಕೂಲಿ ಕೆಲಸಕ್ಕೆ ಒಯ್ಯುವ ಮನೆಗಳು. ಅಂಥ ಪ್ರತಿ ಮನೆಗೂ ಪಕ್ಕದ ಒಂದು ಮನೆಯನ್ನು ಜೋಡಿ ಮಾಡಿ, ಸುದ್ದಿ ಬಂದ ಕೂಡಲೇ ಕೂಗಿ ಹೇಳುವ ಜವಾಬ್ದಾರಿಯನ್ನು ಎಸ್‌ಡಿಎಂಸಿ ಹಂಚಿದೆ. ನಮ್ಮ ಪಾಲಿಗೆ ಬಂದಿರುವುದು ಗದ್ದೆಯಾಚೆಯ ಮನೆ. ಆ ಮನೆಯ ಕೀಪ್ಯಾಡ್ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ರಜೆ ಎಂದರ್ಥ, ಎರಡು ಕೊಟ್ಟರೆ ಬೇರೆ ಸುದ್ದಿ ಇದೆ, ತಿರುಗಿ ಕರೆ ಮಾಡಿ ಎಂದರ್ಥ. ಯಾವ ಕಂಪನಿಯೂ ಇಂಥ ಸೌಲಭ್ಯ ಮಾರುವುದಿಲ್ಲ.

ನನ್ನ ತೀರ್ಮಾನಕ್ಕೆ ನನ್ನ ದಿನಚರಿಯೂ ಕಾರಣ. ಬೆಳಿಗ್ಗೆ ಹಾಲು ಕರೆದು ಹಾಲಿನ ಡೈರಿಗೆ ಕೊಟ್ಟು ಬಂದು, ತಿಂಡಿ ಮಾಡುವ ನಡುವೆ ನಾನು ಫೋನಿನ ಕಡೆ ನೋಡುವುದು ಒಂದು ಸಲ, ಒದ್ದೆ ಕೈಯಲ್ಲಿ. ಆಗ ಕಣ್ಣಿಗೆ ಬೀಳದ ಸುದ್ದಿ ನನ್ನ ಪಾಲಿಗೆ ಬಂದಂತಲ್ಲ. ತಿಂಗಳ ರೀಚಾರ್ಜ್ ಹೇಗೂ ಮಾಡಿಸುತ್ತೇವೆ, ಗುಂಪಿಗಾಗಿ ಬೇರೆ ಖರ್ಚಿಲ್ಲ. ಆ್ಯಪ್‌ನ ಆರುನೂರು ರೂಪಾಯಿಗೆ ಮಗನಿಗೊಂದು ಒಳ್ಳೆಯ ರೇನ್‌ಕೋಟ್ ಬರುತ್ತಿತ್ತು. ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇದ್ದು, ಗಂಡ ಹೆಂಡತಿ ಇಬ್ಬರ ಕೈಯಲ್ಲೂ ಸದಾ ಸಿಗ್ನಲ್ ಇರುವ ಫೋನುಗಳಿದ್ದು, ಅಂಕ, ಹಾಜರಾತಿಗಳನ್ನು ದಿನವೂ ನೋಡುವ ಅಭ್ಯಾಸವಿರುವವರಿಗೆ ಆ್ಯಪ್ ಅನುಕೂಲವೇ ಆದೀತು.

ಮಗನ ಶಾಲೆಯಲ್ಲೂ ಶಿಕ್ಷಕರಷ್ಟೇ ಬರೆಯುವ ಗುಂಪು ಮಾಡಿ ಎಂದು ನಾವು ಕೆಲವು ಪೋಷಕರು ಲಿಖಿತವಾಗಿ ಕೇಳಿದ್ದೇವೆ. ಕಂಪನಿಯೊಂದಿಗಿನ ಕರಾರು ಮಾರ್ಚ್‌ವರೆಗೆ ಇದೆ, ಆಮೇಲೆ ನೋಡೋಣ ಎಂದಿದ್ದಾರೆ. ಸದ್ಯಕ್ಕೆ ವ್ಯಾನ್ ಚಾಲಕರೇ ತಮ್ಮ ದಾರಿಯ ಮಕ್ಕಳ ಮನೆಯವರಿಗೆಂದು ಒಂದು ಗುಂಪು ಮಾಡಿಕೊಂಡಿದ್ದು, ರಜೆಯ ದಿನ ಆರೂಮುಕ್ಕಾಲಕ್ಕೆ ‘ಇವತ್ತು ಗಾಡಿ ಇಲ್ಲ’ ಎಂದು ಅದರಲ್ಲಿ ಹಾಕುತ್ತಾರೆ. ಪೇಟೆಯ ಶಾಲೆಯ ರಜೆಯನ್ನು ನಾವು ತಿಳಿಯುತ್ತಿರುವುದು ಅದರಿಂದಲೇ.