ಎದೆಬಡಿತಕ್ಕೆ ಅಮಿಯೋಡರೋನ್ ಮಾತ್ರೆ ತಗೊಳ್ಳುವವರು ಥೈರಾಯ್ಡ್ ಟೆಸ್ಟ್ ಮರೆಯಬೇಡಿ

ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲು ಗೊತ್ತಲ್ವಾ? ಫ್ಯಾನ್ ಕೆಳಗೆ ಕೂತರೂ ಬೆವರು ಇಳಿಯುತ್ತದೆ. ಅಂಥ ಮಧ್ಯಾಹ್ನ ನಮ್ಮ ಅಮ್ಮ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಫ್ಯಾನ್ ಆರಿಸು, ಚಳಿ ಅಂದರು.

ಅಮ್ಮನಿಗೆ ಏಟ್ರಿಯಲ್ ಫಿಬ್ರಿಲೇಶನ್. ಎದೆಬಡಿತ ತಾಳ ತಪ್ಪಿ, ಒಮ್ಮೊಮ್ಮೆ ನಿಮಿಷಕ್ಕೆ 140 ದಾಟುತ್ತಿತ್ತು. ಎರಡು ವರ್ಷದ ಹಿಂದೆ ಆಸ್ಪತ್ರೆಗೆ ಸೇರಿಸಿದಾಗ ಅಮಿಯೋಡರೋನ್ 200 ಮಿಲಿಗ್ರಾಂ ಶುರು ಮಾಡಿದರು. ಬಡಿತ ಹದಕ್ಕೆ ಬಂತು. ಮಾತ್ರೆಯ ಮೇಲೆ ನನಗೆ ಸಿಟ್ಟಿಲ್ಲ. ಡಿಸ್ಚಾರ್ಜ್ ದಿನ "ಇದನ್ನ ಬಿಡಬೇಡಿ" ಎಂದಷ್ಟೇ ಹೇಳಿದರು. ರಕ್ತಪರೀಕ್ಷೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ, ಚೀಟಿಯಲ್ಲೂ ಇರಲಿಲ್ಲ. ಚೆಕಪ್‌ಗೆ ಹೋದರೆ ಇಸಿಜಿ ತೆಗೆದು "ಚೆನ್ನಾಗಿದೆ, ಅದೇ ಕಂಟಿನ್ಯೂ ಮಾಡಿ" ಎನ್ನುತ್ತಿದ್ದರು. ಆಮೇಲಾಮೇಲೆ ನಾವೂ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಿಂದಲೇ ತರತೊಡಗಿದೆವು. ಅದು ನಮ್ಮ ತಪ್ಪು.

ಅಮ್ಮನ ಮುಖ ಊದಿಕೊಂಡಿತು. ದನಿ ಎಷ್ಟು ಒರಟಾಯಿತೆಂದರೆ ಫೋನಿನಲ್ಲಿ ಅಕ್ಕನಿಗೇ ಗುರುತು ಸಿಗಲಿಲ್ಲ. ರಂಗೋಲಿ ಅರ್ಧಕ್ಕೇ ಬಿಟ್ಟು ಒಳಗೆ ಬಂದು ಮಲಗಿಬಿಡುತ್ತಿದ್ದರು. ವಯಸ್ಸಾಯ್ತಲ್ಲ ಅಂದುಕೊಂಡೆವು. ಕೊನೆಗೆ ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರು ಮಾತ್ರೆಯ ಹೆಸರು ನೋಡಿದ ಕೂಡಲೇ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತಪರೀಕ್ಷೆ ಬರೆದರು. ಥೈರಾಯ್ಡ್ ಮಂಕಾದರೆ ಇದರ ಅಂಕಿ ಏರುತ್ತದೆ, 4-5ರ ಆಸುಪಾಸು ದಾಟಬಾರದು. ಅಮ್ಮನದು 62 ಬಂತು.

ಈ ಒಂದು ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ. ನಮಗೆ ದಿನಕ್ಕೆ ಬೇಕಾದದ್ದು 0.15 ಮಿಲಿಗ್ರಾಂ. ಹಾಗಾಗಿ ಕೆಲವರಿಗೆ ಥೈರಾಯ್ಡ್ ಮಂಕಾಗುತ್ತದೆ. ಇನ್ನು ಕೆಲವರಿಗೆ ಉಲ್ಟಾ, ಜಾಸ್ತಿ ಕೆಲಸ ಮಾಡಿ ಎದೆಬಡಿತವನ್ನೇ ಮತ್ತೆ ಕೆಡಿಸುತ್ತದೆ. ಲಿವರ್‌ಗೆ, ಶ್ವಾಸಕೋಶಕ್ಕೂ ಪೆಟ್ಟು ಬೀಳಬಹುದು.

ನಿಮ್ಮ ಮನೆಯಲ್ಲಿ ಯಾರಾದರೂ ಇದನ್ನು ತಗೊಳ್ಳುತ್ತಿದ್ದರೆ ಇವತ್ತೇ ಫೈಲ್ ತೆಗೆದು ನೋಡಿ. ಶುರು ಮಾಡುವ ಮುಂಚೆ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಥೈರಾಯ್ಡ್ ಮತ್ತು ಲಿವರ್ ಟೆಸ್ಟ್ ಆಗಬೇಕು. ಒಣಕೆಮ್ಮು, ಏದುಸಿರು ಬಂದರೆ ನಾಳೆ ನೋಡೋಣ ಅನ್ನಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸಿಟ್ರಾಮ್ ಜೊತೆಗಿದ್ದರೆ ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಅಂತ ತೋರಿಸುವ ಅಂಕಿ) ಏರಬಹುದು, ಅದನ್ನೂ ಡಾಕ್ಟರಿಗೆ ನೆನಪಿಸಿ.

ಆದರೆ ಇದನ್ನು ಓದಿ ಹೆದರಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ದಯವಿಟ್ಟು. ಬಡಿತ ಮತ್ತೆ ಹತೋಟಿ ತಪ್ಪಬಹುದು. ಡಾಕ್ಟರೇ ನಿಲ್ಲಿಸಿದರೂ ಔಷಧಿ ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ, ಆಗಲೂ ಟೆಸ್ಟ್ ಬಿಡುವಂತಿಲ್ಲ.

ಅಮ್ಮ ಈಗ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಾರೆ. ರಂಗೋಲಿ ಪೂರ್ತಿ ಹಾಕುತ್ತಾರೆ. ದನಿ ಮಾತ್ರ ಇನ್ನೂ ಮೊದಲಿನಂತಾಗಿಲ್ಲ.