ತುಟಿ ಫಿಲ್ಲರ್ ಗಂಟಾಯ್ತಾ? ಕಾಯೋದಾ, ಕರಗಿಸೋದಾ?
ತುಟಿ ಒಂದ್ಕಡೆ ದಪ್ಪ, ಒಳಗೆ ನಾಲಿಗೆ ಆಡಿಸಿದ್ರೆ ಕಾಳಿನಷ್ಟು ಗಂಟು ಸಿಗುತ್ತೆ ಅಂದ್ರೆ, ಮೊದ್ಲು ಫಿಲ್ಲರ್ (ತುಟಿ ತುಂಬಿಕೊಳ್ಳೋಕೆ ಚುಚ್ಚೋ ಜೆಲ್) ಹಾಕಿಸ್ಕೊಂಡು ಎಷ್ಟು ದಿನ ಆಯ್ತು ನೋಡಿ. 2 ವಾರ ಆಗಿಲ್ಲ ಅಂದ್ರೆ ಅದು ಬರೀ ಊತಾನೇ ಇರ್ಬಹುದು, ಕಾಯೋದೇ ವಾಸಿ, ಖರ್ಚೂ ಇಲ್ಲ, ಡಾಕ್ಟರ್ ಹೇಳ್ದೆ ನೀವೇ ಒತ್ತಿ ತಿಕ್ಕೋಕೆ ಮಾತ್ರ ಹೋಗ್ಬೇಡಿ.

ಆಮೇಲೂ ಹಾಗೇ ಇದ್ರೆ ಹೈಲುರಾನಿಡೇಸ್ ಇಂಜೆಕ್ಷನ್, ಅಂದ್ರೆ ಫಿಲ್ಲರ್ ಕರಗಿಸೋ ಔಷಧಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಇಳಿಯುತ್ತೆ, ತಾನಾಗೇ ಕರಗ್ಲಿ ಅಂತ ಕೂತ್ರೆ 6 ತಿಂಗಳು, ವರ್ಷಾನೂ ಹಿಡೀಬಹುದು. ಆದ್ರೆ ಮತ್ತೆ ದುಡ್ಡು ಬಿಚ್ಬೇಕು, ಇಷ್ಟಪಟ್ಟಿದ್ದ ಶೇಪೂ ಜೊತೆಗೇ ಹೋಗ್ಬಹುದು (ಇದೇ ಹೊಟ್ಟೆ ಉರಿಸೋದು), ಹೈಲುರಾನಿಕ್ ಆಸಿಡ್ ಫಿಲ್ಲರ್ ಬಿಟ್ಟು ಬೇರೇದಕ್ಕೆ ನಡೆಯಲ್ಲ, ಜೇನುಹುಳ ಕಚ್ಚಿ ಅಲರ್ಜಿ ಆಗಿದ್ದೋರು ಮೊದ್ಲೇ ಹೇಳ್ಬೇಕು.

ಫಿಲ್ಲರ್ ಅಲ್ದೆ ಬೊಟಾಕ್ಸಿಂದ (ಸುಕ್ಕು ಕಮ್ಮಿ ಮಾಡೋಕೆ ಹಾಕೋ ಇಂಜೆಕ್ಷನ್) ಕಣ್ಣಿನ ರೆಪ್ಪೆ ಜೋತುಬಿದ್ರೆ ಕರಗಿಸೋ ಮಾತೇ ಇಲ್ಲ, ಕೆಲವು ವಾರ ಕಾಯೋದೇ. ಅರ್ಜೆಂಟ್ ಮೀಟಿಂಗೋ ಫೋಟೋನೋ ಇದ್ರೆ ಡಾಕ್ಟರ್ ಬರ್ಕೊಡೋ ಅಪ್ರಾಕ್ಲೊನಿಡಿನ್ ಅನ್ನೋ ಕಣ್ಣಿನ ಡ್ರಾಪ್ಸ್ ರೆಪ್ಪೇನ 1-2 ಮಿ.ಮೀ. ಎತ್ತಬಹುದು, ಅದೂ ಕೆಲವು ಗಂಟೆ ಅಷ್ಟೇ.

ಫಿಲ್ಲರ್ ಆದ್ಮೇಲೆ ಚರ್ಮ ಬೆಳ್ಳಗಾಗಿ ಜೋರು ನೋವು, ಕಣ್ಣು ಮಂಜು ಅಂದ್ರೆ ಈ ಲೆಕ್ಕಾಚಾರ ಎಲ್ಲ ಬಿಟ್ಟು ತಕ್ಷಣ ಆಸ್ಪತ್ರೆಗೆ ಓಡಿ.